ಜರ್ಮನ್ ಪದ ಓದಿದ್ದೇ ಓದಿದ್ದು, ಎರಡು ದಿನಕ್ಕೆ ಮಾಯ!

ಪ್ರಶ್ನೆ: ಮೇಡಂ, ನಾನು ಮಂಗಳೂರಿನಲ್ಲಿ ಸ್ಟಾಫ್ ನರ್ಸ್. ಜರ್ಮನಿಗೆ ಹೋಗಲು ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆಗೆ ಓದುತ್ತಿದ್ದೇನೆ. ಡ್ಯೂಟಿ ಮುಗಿಸಿ ಬಂದು ಮೂವತ್ತು ನಲವತ್ತು ಪದ ನೋಟ್‌ಬುಕ್‌ಗೆ ಇಳಿಸಿ, ಪಕ್ಕದಲ್ಲಿ ಕನ್ನಡ ಅರ್ಥ ಬರೆದು, ನಾಲ್ಕೈದು ಸಲ ಓದುತ್ತೇನೆ. ಆಗ ಎಲ್ಲ ಬರುತ್ತದೆ. ಎರಡು ದಿನ ಬಿಟ್ಟರೆ ಅರ್ಧಕ್ಕರ್ಧ ಇಲ್ಲ. ನಾಮಪದದ ಲಿಂಗಕ್ಕೆ ತಕ್ಕಂತೆ ಮುಂದೆ ಹಾಕುವ ಡೇರ್, ಡೀ, ಡಾಸ್ ಅಂತೂ ತಲೆಚಿಟ್ಟು. ವಯಸ್ಸು 34. ಇನ್ನು ತಲೆಗೆ ಹತ್ತಲ್ವಾ?

ಉತ್ತರ (ಜರ್ಮನ್ ಟೀಚರ್): ವಯಸ್ಸನ್ನು ಪಾಪ ಬಿಟ್ಟುಬಿಡಿ. ಅರ್ಥ ಪಕ್ಕದಲ್ಲೇ ಇದ್ದರೆ ಕಣ್ಣು ಅಲ್ಲಿಗೇ ಜಾರುತ್ತದೆ, ನೆನಪಿಗೆ ಕೆಲಸವೇ ಇರುವುದಿಲ್ಲ. ಜರ್ಮನ್ ಕಡೆ ಕೈ ಮುಚ್ಚಿ, ಕನ್ನಡ ನೋಡಿ, ಪದವನ್ನು ಬಾಯಿಬಿಟ್ಟು ಹೇಳಿ. ಸ್ವಲ್ಪ ತಡಕಾಡಿದರೆ ಒಳ್ಳೆಯದೇ, ಹಾಗೆ ಸಿಕ್ಕಿದ ಪದ ಗಟ್ಟಿಯಾಗಿ ಕೂರುತ್ತದೆ.

ಮತ್ತೆ, ನಲವತ್ತು ಜಾಸ್ತಿಯಾಯಿತು. ಹತ್ತು ಹನ್ನೆರಡು ಸಾಕು. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತದೆ ಎಂದು ಅಳೆದು, 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಹಾಗಾಗಿ ರಾತ್ರಿ ಕಲಿತದ್ದನ್ನು ಬೆಳಗ್ಗೆ ಬಸ್ಸಿನಲ್ಲೇ ಒಮ್ಮೆ ಕೇಳಿಕೊಳ್ಳಿ. ಆಮೇಲೆ ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ.

ನಿಮಗೆ ವಾರ್ಡ್ ಇದೆಯಲ್ಲ, ಅದನ್ನೇ ಬಳಸಿ. ‘ನೇಮೆನ್’ ಎಂದರೆ ತೆಗೆದುಕೊಳ್ಳುವುದು. ಮಾತ್ರೆ ನುಂಗುವುದಕ್ಕೆ ‘ಐನ್‌ನೇಮೆನ್’, ರೋಗಿಯನ್ನು ಅಡ್ಮಿಟ್ ಮಾಡಿಕೊಳ್ಳುವುದಕ್ಕೆ ‘ಔಫ್‌ನೇಮೆನ್’, ರಕ್ತ ತೆಗೆಯುವುದಕ್ಕೆ ‘ಆಪ್‌ನೇಮೆನ್’. ತೂಕ ಇಳಿಯುವುದಕ್ಕೂ ಇದೇ ಆಪ್‌ನೇಮೆನ್! ಇವನ್ನು ಪಟ್ಟಿ ಮಾಡಿ ಓದಿದರೆ ಕಲಸುಮೇಲೋಗರ ಆಗುತ್ತದೆ. ಒಂದೊಂದಕ್ಕೂ ನೀವು ಡ್ಯೂಟಿಯಲ್ಲಿ ಹೇಳುವ ಒಂದು ವಾಕ್ಯ ಮಾಡಿ. ‘ಇಷ್ ನೇಮೆ ಈನೆನ್ ಯೆಟ್ಸ್ಟ್ ಬ್ಲೂಟ್ ಆಪ್’, ಈಗ ನಿಮ್ಮ ರಕ್ತ ತೆಗೆಯುತ್ತೇನೆ. ‘ಆಪ್’ ಕೊನೆಗೆ ಓಡಿಹೋಯಿತು ನೋಡಿ. ಅದೂ ವಾಕ್ಯದ ಜೊತೆಗೇ ಬಾಯಿಗೆ ಬಂದುಬಿಡುತ್ತದೆ. ಸಿರಿಂಜ್ ಹಿಡಿದಾಗಲೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳಿ.

ಡೇರ್, ಡೀ, ಡಾಸ್‌ಗೆ ಅಡ್ಡದಾರಿ ಕಮ್ಮಿ. ಕೊನೆಗೆ ‘ಉಂಗ್’, ‘ಹೈಟ್’, ‘ಕೈಟ್’ ಸೇರಿ ಆದ ನಾಮಪದ ಡೀ, ‘ಶೆನ್’ ಸೇರಿದ್ದು ಡಾಸ್. ಉಳಿದದ್ದನ್ನು ಮೂರು ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಬರೀ ‘ಟಿಶ್’ (ಮೇಜು) ಎಂದು ಬರೆಯಲೇಬೇಡಿ, ಯಾವಾಗಲೂ ‘ಡೇರ್ ಟಿಶ್’.

ಪ್ರಶ್ನೆ (ಇನ್ನೊಬ್ಬರು): ಮೇಡಂ, ಪದ ನೆನಪಿಡಲು ಆಂಕಿ ಆ್ಯಪ್ ಒಳ್ಳೆಯದಾ, ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಬರೆದ ಕಾರ್ಡಾ?

ಉತ್ತರ: ಎರಡರ ಹಿಂದಿನ ಲೆಕ್ಕ ಹೆಚ್ಚುಕಮ್ಮಿ ಒಂದೇ. ಯಾವ ಪದ ಯಾವತ್ತು ಕೇಳಬೇಕೆಂದು ಆಂಕಿ ತಾನೇ ನೋಡಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಉಚಿತ, ಐಫೋನ್‌ಗೆ ದುಡ್ಡು ಕೊಡಬೇಕು. ಕಾರ್ಡ್ ಆದರೆ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1972ರಲ್ಲಿ ಹೇಳಿಕೊಟ್ಟ ಡಬ್ಬಿ ಪದ್ಧತಿ ಇದೆ. ಸರಿ ಹೇಳಿದರೆ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆ ದಿನಾ ನೋಡಬೇಕು, ಮುಂದಿನವು ಅಪರೂಪಕ್ಕೆ. ನನ್ನ ವಿದ್ಯಾರ್ಥಿಗಳು ಹಳೆ ಮದುವೆ ಕಾಗದಗಳ ಖಾಲಿ ಬದಿ ಕತ್ತರಿಸಿ ಬರೆದುಕೊಳ್ಳುತ್ತಾರೆ, ದಪ್ಪಗಿರುವುದರಿಂದ ಹಿಂದಿನ ಅಕ್ಷರ ಕಾಣುವುದಿಲ್ಲ.

ಪ್ರಶ್ನೆ: ಆಂಕಿಗೆ ರೆಡಿಮೇಡ್ ಡೆಕ್, ಅಂದರೆ ಬೇರೆಯವರು ಮಾಡಿಟ್ಟ ಕಾರ್ಡ್ ಕಟ್ಟು, ಡೌನ್‌ಲೋಡ್ ಮಾಡಿಕೊಂಡರೆ ಆಗಲ್ವಾ ಮೇಡಂ?

ಉತ್ತರ: ಆಗುತ್ತದೆ, ಆದರೆ ನಿಮ್ಮ ವಾರ್ಡಿನ ವಾಕ್ಯ ಅದರಲ್ಲಿ ಇರುವುದಿಲ್ಲ. ಬೇಕಿದ್ದರೆ ಪದ ಅದರಿಂದ ತೆಗೆದುಕೊಂಡು, ವಾಕ್ಯ ನೀವೇ ಹಾಕಿ.