ಕ್ರೈಸ್ಟ್‌ಚರ್ಚ್‌ನಲ್ಲಿ ನೆಲದಡಿಯ ಕೇಬಲ್‌ಗಳೇ ಯಾಕೆ ಹಾಳಾದವು?

ಪ್ರಶ್ನೆ: ಜಯನಗರದ ಅಮ್ಮ

ಮಗಳು, ಅಳಿಯ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿದ್ದಾರೆ. ಊರಿನ ಪೂರ್ವಕ್ಕೆ, ಏವನ್ ನದಿ ಹತ್ತಿರ ಮನೆ ನೋಡುತ್ತಿದ್ದಾರೆ. 2011ರ ಫೆಬ್ರವರಿ 22ರ ಭೂಕಂಪದಲ್ಲಿ ಆ ಕಡೆ ನೆಲವೇ ಕೆಸರಾಯಿತಂತೆ, ಹೂತಿಟ್ಟ ಕರೆಂಟ್ ಕೇಬಲ್‌ಗಳೂ ಹಾಳಾದವಂತೆ. ನಮ್ಮ ಬೀದಿಯಲ್ಲಿ ತಂತಿ ತೆಗೆದು ಕೇಬಲ್ ಹೂತಾಗ ಇನ್ನು ಭಯವಿಲ್ಲ ಅಂದುಕೊಂಡಿದ್ದೆವು. ಹೂತಿದ್ದಕ್ಕೂ ಏಟು ಬೀಳುವುದು ಹೇಗೆ? ಅಲ್ಲಿ ಮನೆ ತೊಗೊಳ್ಳಬಹುದಾ? ನಮ್ಮಲ್ಲಿ ಕೆರೆ ಮುಚ್ಚಿದ ಜಾಗಗಳಿಗೂ ಇದೇ ಗತಿಯಾ?

ಉತ್ತರ: ನಿವೃತ್ತ ಎಲೆಕ್ಟ್ರಿಕಲ್ ಇಂಜಿನಿಯರ್, ರಾಜಾಜಿನಗರ

ಮೇಡಂ, ಕೇಬಲ್ ಕೆಲಸದಲ್ಲೇ ತಲೆ ನರೆತವನು ನಾನು. ಇದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಕೊಡಲು ಮನಸ್ಸಾಗುವುದಿಲ್ಲ.

ಸೇರಿಗೆ ರಾಗಿ ತುಂಬಿ ತಟ್ಟಿ. ಕಾಳು ಒತ್ತಾಗಿ ಕೂತು ಮಟ್ಟ ಇಳಿಯುತ್ತದೆ. ಸಡಿಲ ಮರಳೂ ಅಲುಗಿದಾಗ ಹಾಗೇ ಕೂರಲು ನೋಡುತ್ತದೆ. ಆದರೆ ಸಂದಿಯಲ್ಲೆಲ್ಲ ನೀರಿದ್ದರೆ? ಅಷ್ಟು ಬೇಗ ಅದು ಹೊರಗೆ ಹೋಗಲಾರದು. ಮೇಲಿನ ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ, ಕಣಕ್ಕೂ ಕಣಕ್ಕೂ ಹಿಡಿತ ತಪ್ಪುತ್ತದೆ. ಇದೇ ಲಿಕ್ವಿಫ್ಯಾಕ್ಷನ್. ನದಿ ದಂಡೆಯಲ್ಲಂತೂ ಮೇಲಿನ ಪದರ ನದಿಯ ಕಡೆಗೇ ಜಾರುತ್ತದೆ, ಜೊತೆಗೆ ಕೇಬಲ್ಲನ್ನೂ ಎಳೆಯುತ್ತದೆ. ಕೇಬಲ್ ಎಳೆತ ತಡೆಯುವುದಿಲ್ಲ.

ಕಂಬದ ತಂತಿಗೆ ಜೋಲು ಇರುತ್ತದೆ. ಕಂಬ ವಾಲಿದರೂ ಕಣ್ಣಿಗೆ ಕಾಣುತ್ತದೆ, ನೆಟ್ಟಗೆ ಮಾಡಬಹುದು. ಹೂತ ಕೇಬಲ್‌ಗಾದರೆ ಫಾಲ್ಟ್ ಎಲ್ಲಿ ಅಂತ ಹುಡುಕಬೇಕು, ಅಗೆಯಬೇಕು, ಜಾಯಿಂಟ್ ಹಾಕಬೇಕು. ಅಲ್ಲಿ ಪೂರ್ವದ ಬಡಾವಣೆಗಳಿಗೆ ಹೋಗುವ 66 ಕೆವಿ, ಅಂದರೆ 66 ಸಾವಿರ ವೋಲ್ಟಿನ ಕೇಬಲ್‌ಗಳೇ ಕೈಕೊಟ್ಟವು. ಕೊನೆಗೆ ಕಂಬ ನೆಟ್ಟು ತಾತ್ಕಾಲಿಕ ಲೈನ್ ಎಳೆದರು. ಸಬ್‌ಸ್ಟೇಷನ್ ಕಟ್ಟಡಗಳನ್ನು ಮಾತ್ರ ವರ್ಷಗಳ ಮುಂಚೆಯೇ ಭದ್ರ ಮಾಡಿಸಿದ್ದರು, ಅವು ಬಹುತೇಕ ನಿಂತವು. ಆ ಕೆಲಸಕ್ಕೆ ಹಣ ಒಪ್ಪಿಸಿದವರಿಗೆ ನನ್ನ ನಮಸ್ಕಾರ.

ನಮ್ಮ ಬೀದಿಗಳಲ್ಲಿ ಗಾಳಿಮಳೆಗೆ ಮರ ಬೀಳುವುದೇ ದೊಡ್ಡ ಕಾಟ. ಅದಕ್ಕೆ ಹೂತ ಕೇಬಲ್ಲೇ ಒಳ್ಳೆಯದು, ಚಿಂತೆ ಬೇಡ.

ಉತ್ತರ: ಮಣ್ಣು ಪರೀಕ್ಷೆಯವಳು, ಯಲಹಂಕ

ಮನೆ ವಿಷಯ ನಾನು ಹೇಳುತ್ತೇನೆ ಅಮ್ಮ. ನೆಲ ತೀರಾ ಕೆಟ್ಟ ಕಡೆ ಸುಮಾರು 8,000 ಮನೆಗಳ ಜಾಗವನ್ನು ಸರ್ಕಾರ ರೆಡ್ ಝೋನ್ ಅಂತ ಗುರುತಿಸಿತು. ಹೆಚ್ಚಿನವನ್ನು ತಾನೇ ಕೊಂಡು ಕೆಡವಿಸಿತು. ಉಳಿದ ಜಾಗಕ್ಕೆ ನೆಲದ ಅಪಾಯ ನೋಡಿ ಟಿಸಿ1, ಟಿಸಿ2, ಟಿಸಿ3 (ಟಿಸಿ ಅಂದರೆ ಟೆಕ್ನಿಕಲ್ ಕೆಟಗರಿ) ಅಂತ ದರ್ಜೆ ಇದೆ. ಟಿಸಿ3 ಅಂದರೆ ದೊಡ್ಡ ಭೂಕಂಪ ಬಂದರೆ ನೆಲ ಮತ್ತೆ ಕೆಡಬಹುದು. ಅಲ್ಲಿ ಅಡಿಪಾಯವನ್ನು ಆ ಸೈಟಿನ ಮಣ್ಣು ನೋಡಿಯೇ ಇಂಜಿನಿಯರ್ ಮಾಡಬೇಕು. ಮಗಳು ದರ್ಜೆ ಕೇಳಲಿ, 2011ರ ನಂತರ ಅಡಿಪಾಯ ರಿಪೇರಿ ಆದ ಕಾಗದ ನೋಡಲಿ. ವಿಮೆಯವರು ಬರೆದುಕೊಡುವ ತನಕ ಅಡ್ವಾನ್ಸ್ ಬೇಡ.

ಬೆಂಗಳೂರು ನಮ್ಮ ದೇಶದ ಭೂಕಂಪ ಮಾನದಂಡವಾದ ಐಎಸ್ 1893ರ 2016ರ ನಕ್ಷೆಯಲ್ಲಿ ವಲಯ 2ರಲ್ಲಿದೆ, ಅಂದರೆ ಅಪಾಯ ಕಡಿಮೆ. ಊರಿನ ಅಡಿಯಲ್ಲಿ ಗಟ್ಟಿ ಬಂಡೆ. ಆದರೂ ಕೆರೆ ಅಂಗಳ ಬೇರೆ ಲೆಕ್ಕ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ ಅಲ್ವಾ? ಇಂಥ ಕಡೆ ಮೇಲೆ ತುಂಬಿಸಿದ ಮಣ್ಣು, ಕೆಳಗೆ ಹೂಳು. ಜೇಡಿ ಜಾಸ್ತಿ ಇದ್ದರೆ ಮರಳಿನಷ್ಟು ಸುಲಭವಾಗಿ ಕರಗುವುದಿಲ್ಲ. ಆದರೆ ಭೂಕಂಪ ಬರದಿದ್ದರೂ ಗೋಡೆ ಬಿರುಕು ಬಿಡುತ್ತದೆ, ಮಳೆಗೆ ನೀರು ನುಗ್ಗುತ್ತದೆ. ಬೋರ್ ಹಾಕಿಸಿ ಮಣ್ಣು ಪರೀಕ್ಷೆ ಮಾಡಿಸದೆ ಅಂಥ ಸೈಟಿನಲ್ಲಿ ಯಾರೂ ಪಾಯ ತೆಗೆಯಬಾರದು.

ಜಯನಗರದ ಅಮ್ಮ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಮಗಳಿಗೆ ಕಳಿಸಿದೆ. ಅವರು ನೋಡಿದ ಮನೆ ಟಿಸಿ3 ಅಂತೆ. ರಿಪೇರಿ ಕಾಗದ ಕೇಳಿದ್ದಾಳೆ.