ಸಮುದ್ರವಿಲ್ಲದ ಊರಿನಿಂದ ನೇವಲ್ ಕೆಡೆಟ್: ಚೀಫ್ ಸರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಪೋಷಕರು ತುಂಬಾ ದಿನದಿಂದ ಕೇಳ್ತಿದ್ದ ವಿಷಯ. ಹೈಸ್ಕೂಲು, ಪಿಯು ಮಕ್ಕಳು ಎನ್‌ಸಿಸಿ ನೇವಲ್ ವಿಂಗ್ ಸೇರುವುದು ಹೇಗೆ? ಉತ್ತರ ಕೊಡಲು ಚೀಫ್ ಸರ್ ಬಂದಿದ್ದಾರೆ. ನೇವಿಯಲ್ಲಿ ಚೀಫ್ ಪೆಟ್ಟಿ ಆಫೀಸರ್ ಆಗಿ ನಿವೃತ್ತರಾದವರು, ಎನ್‌ಸಿಸಿ ನೇವಲ್ ಯೂನಿಟ್‌ನಲ್ಲಿ ಪಿಐ ಸ್ಟಾಫ್, ಅಂದರೆ ತರಬೇತಿ ಸಿಬ್ಬಂದಿ ಆಗಿ ಮಕ್ಕಳಿಗೆ ಕಲಿಸಿದವರು. ಮೇಲೆ ಉತ್ತರ ಇದೆಯಾ ನೋಡಿಕೊಂಡು ಕೇಳಿ. ಫಾರ್ವರ್ಡ್ ಹಾಕಬೇಡಿ.

ಸಿಂಧನೂರಿನ ಅಪ್ಪ: ಸರ್, ಮಗ 8ನೇ ಕ್ಲಾಸ್. ನೇವಲ್ ವಿಂಗ್ ಸೇರಿಸಬೇಕು. ಫೀಸ್ ಎಷ್ಟು? ಎಲ್ಲಿ ಅರ್ಜಿ ಹಾಕಬೇಕು?

ಚೀಫ್: ನಮಸ್ಕಾರ. ಎನ್‌ಸಿಸಿ ಶಾಲೆ, ಕಾಲೇಜಿನ ಮೂಲಕ ನಡೆಯುತ್ತದೆ. ಫೀಸ್ ಕಟ್ಟಿ ಮನೆಯಿಂದ ನೇರ ಅರ್ಜಿ ಹಾಕುವ ಟ್ಯೂಷನ್ ಅಲ್ಲ. ನಿಮ್ಮ ಮಗನ ಶಾಲೆಗೆ ಯಾವ ವಿಂಗ್ ಮಂಜೂರಾಗಿದೆಯೋ ಅದಕ್ಕೇ ಸೇರಬೇಕು. ನಮ್ಮ ಕಡೆ ಹೆಚ್ಚಿನ ಕಡೆ ಇರುವುದು ಆರ್ಮಿ ವಿಂಗ್. ನೇವಲ್ ಯೂನಿಟ್ ಬೇಕೆಂದರೆ ಬೆಂಗಳೂರು, ಮೈಸೂರು, ಮಂಗಳೂರು ಕಡೆ ನೋಡಬೇಕು. ಹೈಸ್ಕೂಲಿನಲ್ಲಿ ಜೂನಿಯರ್ ಡಿವಿಷನ್, ಎರಡು ವರ್ಷ, ಕೊನೆಗೆ 'ಎ' ಸರ್ಟಿಫಿಕೇಟ್. ಕಾಲೇಜಿನಲ್ಲಿ ಸೀನಿಯರ್ ಡಿವಿಷನ್, ಅಲ್ಲಿ 'ಬಿ', ಆಮೇಲೆ 'ಸಿ'. ಪರೀಕ್ಷೆಗೆ ಕೂರಲು 75% ಹಾಜರಿ ಬೇಕು, ಕ್ಯಾಂಪ್ ಮಾಡಿರಬೇಕು. ಸೀಟು ಕೊಡಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಅವರಿಗೂ ಎನ್‌ಸಿಸಿಗೂ ಸಂಬಂಧವಿಲ್ಲ ಅಂತ ತಿಳಿಯಿರಿ.

ಸಿರುಗುಪ್ಪ ರೈತ: ಸೇರಿದರೆ ಮುಂದೆ ನೇವಿಗೆ ಹೋಗಲೇಬೇಕಾ ಸರ್? ಬಾಂಡ್ ಬರೆಸಿಕೊಳ್ತಾರಂತೆ.

ಚೀಫ್: ಇಲ್ಲ. ಕೆಡೆಟ್‌ಗೆ ಸೇನೆಗೆ ಹೋಗುವ ಬಾಧ್ಯತೆ ಇಲ್ಲ. 1948ರ ಎನ್‌ಸಿಸಿ ಕಾಯ್ದೆಯಲ್ಲೇ ಇದೆ.

ಕಂಪ್ಲಿ ಹುಡುಗ, 9ನೇ ಕ್ಲಾಸ್: ಸರ್ ನಮ್ಮ ಶಾಲೆಯಲ್ಲಿ ಆರ್ಮಿ ವಿಂಗ್ ಇದೆ, ಸೇರಿದ್ದೀನಿ. ಪಿಯುಗೆ ನೇವಲ್ ಇರುವ ಕಾಲೇಜಿಗೆ ಹೋಗಬೇಕು ಅಂತ ಆಸೆ. ಈಗಿನಿಂದಲೇ ಏನು ಕಲಿಯಬಹುದು?

ಚೀಫ್: ಇಂಥ ಪ್ರಶ್ನೆ ಕೇಳಿದರೆ ಖುಷಿ ಆಗುತ್ತದೆ. ಡ್ರಿಲ್ ನಿನಗೆ ಅಲ್ಲೇ ಸಿಗುತ್ತದೆ, ಚೆನ್ನಾಗಿ ಮಾಡು. ಒಂದು ಮಾರು ಹಗ್ಗ ತಗೋ, ನೈಲಾನ್ ಬೇಡ, ಜಾರುತ್ತದೆ. ಮೊದಲು ಬೌಲೈನ್ ಗಂಟು ಕಲಿ. ಹಗ್ಗದಲ್ಲಿ ಒಂದು ಸಣ್ಣ ಕಣ್ಣು ಮಾಡು. ತುದಿಯನ್ನು ಆ ಕಣ್ಣಿನ ಕೆಳಗಿನಿಂದ ಮೇಲಕ್ಕೆ ತಗೊಂಡು, ಉದ್ದ ಹಗ್ಗದ ಹಿಂದಿನಿಂದ ಸುತ್ತಿಸಿ, ಮತ್ತೆ ಅದೇ ಕಣ್ಣಿನಲ್ಲಿ ಕೆಳಕ್ಕೆ ಇಳಿಸು. ಬಿಗಿ ಎಳೆ. ಈ ಕುಣಿಕೆ ಎಷ್ಟು ಜಗ್ಗಿದರೂ ಬಿಗಿಯುವುದಿಲ್ಲ. ಅದಕ್ಕೇ ನೀರಿನಲ್ಲಿರುವ ಮನುಷ್ಯನ ಕಂಕುಳ ಕೆಳಗೆ ಹಾಕಿ ಎಳೆಯುವುದು ಇದನ್ನೇ. ಕೆಲಸ ಮುಗಿದ ಮೇಲೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಕತ್ತಲಲ್ಲಿ, ಒದ್ದೆ ಕೈಯಲ್ಲಿ ಹಾಕಲು ಬರುವವರೆಗೆ ಬಿಡಬೇಡ. ಆಮೇಲೆ ರೀಫ್ ನಾಟ್, ಕ್ಲೋವ್ ಹಿಚ್, ಶೀಟ್ ಬೆಂಡ್ ಗಂಟುಗಳು. ಸೆಮಾಫೋರ್ ಅಂದರೆ ಎರಡು ಬಾವುಟದಲ್ಲಿ ಅಕ್ಷರ ತೋರಿಸುವುದು, ಅದನ್ನು ತಂಗಿ ಜೊತೆ ಆಟ ಆಡ್ತಾ ಕಲಿಯಬಹುದು. ಬೋಟ್ ಪುಲ್ಲಿಂಗ್, ಅಂದರೆ ಹುಟ್ಟು ಹಾಕುವುದು, ಮಾತ್ರ ದೋಣಿ ಇಲ್ಲದೆ ಬರಲ್ಲ. ವೇಲರ್ ಅಂತ 27 ಅಡಿಯ ದೋಣಿ, ಐದು ಹುಟ್ಟು, ಹಿಂದೆ ಚುಕ್ಕಾಣಿ ಹಿಡಿದು ಆದೇಶ ಕೊಡುವ ಕಾಕ್ಸನ್. ಐವರಲ್ಲಿ ಒಬ್ಬ ತಡ ಮಾಡಿದರೂ ಹುಟ್ಟುಗಳು ಒಂದಕ್ಕೊಂದು ಬಡಿಯುತ್ತವೆ. ತೋಳಿನ ಬಲಕ್ಕಿಂತ ಕಾಕ್ಸನ್ ಮಾತು ಕೇಳುವ ಕಿವಿ ಮುಖ್ಯ.

ಕಂಪ್ಲಿ ಹುಡುಗ: ಥ್ಯಾಂಕ್ಸ್ ಸರ್. ಹರಿಗೋಲು ಬರುತ್ತೆ ನನಗೆ. ಅದು ಲೆಕ್ಕಕ್ಕೆ ಬರುತ್ತಾ?

ಕೊಪ್ಪಳ ಅಜ್ಜ: ಆನೆಗೊಂದಿಯ ಹುಡುಗರಿಗೆ ಯಾವ ನೇವಿಯೂ ಕಲಿಸುವುದು ಬೇಡ. ಹುಟ್ಟಿದಾಗಿನಿಂದ ಹೊಳೆಯಲ್ಲೇ ಇರ್ತಾರೆ.

ಬಳ್ಳಾರಿ ಕೋಟೆ ಏರಿಯಾ: ನನ್ನ ಪ್ರಶ್ನೆ ಬೇರೆ. ಇಷ್ಟು ದೊಡ್ಡ ತುಂಗಭದ್ರಾ ಡ್ಯಾಮ್ ನಮ್ಮ ಬಳ್ಳಾರಿಯಲ್ಲಿ ಇಟ್ಟುಕೊಂಡು ನೇವಲ್ ಯೂನಿಟ್ ಇಲ್ಲ ಅಂದ್ರೆ ಹೇಗೆ?

ಹೊಸಪೇಟೆಯವರು: ನಿಮ್ಮ ಬಳ್ಳಾರಿ ಅಲ್ಲ ರೀ. 2021ರಿಂದ ನಮ್ಮದು ವಿಜಯನಗರ ಜಿಲ್ಲೆ.

ಕೊಪ್ಪಳ ಅಜ್ಜ: ಆ ಕಡೆ ದಂಡೆ ಮುನಿರಾಬಾದ್. ಅದು ಕೊಪ್ಪಳ. ಹಿನ್ನೀರಲ್ಲಿ ಮುಳುಗಿದ ಊರುಗಳು ನಮ್ಮವೂ ಇವೆ, ಅದನ್ನೂ ಹೇಳಿ.

ಬಳ್ಳಾರಿ ಕೋಟೆ ಏರಿಯಾ: ನೀರು ಯಾರದ್ದಾದರೂ ಇರಲಿ, ಯೂನಿಟ್ ಕೇಳೋಣ ಅಂದೆ. ಅದಕ್ಕೂ ಜಗಳಾನಾ?

ಹೊಸಪೇಟೆಯವರು: ಕೇಳೋಣ, ಆದ್ರೆ ಹೊಸಪೇಟೆಗೆ ಅಂತ ಕೇಳೋಣ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಲಿಂಗಸುಗೂರು: ಫೀಸ್ ಎಷ್ಟು ಸರ್?

ಚೀಫ್: ಮೇಲೆ ಓದಿ.

ಗಂಗಾವತಿ ತಾಯಿ: ಸರ್, ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿ ಬರೀತಿದ್ದೀನಿ. ಮಗನಿಗೆ 15 ವರ್ಷ. ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದು ನೇವಲ್ ವಿಂಗ್ ಇರುವ ಕಾಲೇಜು ಸೇರಬೇಕು ಅಂತ ಹಟ. ಅವನಿಗೆ ಚಿಕ್ಕವನಿದ್ದಾಗಿನಿಂದ ಫಿಟ್ಸ್ ಇದೆ. ಮಾತ್ರೆಯಲ್ಲಿ ಸರಿಯಾಗಿದ್ದ. ಮೆಡಿಕಲ್‌ನಲ್ಲಿ ಗೊತ್ತಾಗಬಾರದು ಅಂತ ಹದಿನೈದು ದಿನದಿಂದ ಮಾತ್ರೆ ಬಿಟ್ಟಿದ್ದಾನೆ, ನಿನ್ನೆ ಡಬ್ಬಿ ನೋಡಿದಾಗ ಗೊತ್ತಾಯ್ತು. ದಿನಾ ಸಂಜೆ ಗೆಳೆಯರ ಜೊತೆ ಎಡದಂಡೆ ಕಾಲುವೆಯಲ್ಲಿ ಈಜು ಪ್ರಾಕ್ಟೀಸ್ ಬೇರೆ. ಏನು ಮಾಡಲಿ?

ಚೀಫ್: ಅಮ್ಮಾ, ಮಿಕ್ಕ ಪ್ರಶ್ನೆಗಳೆಲ್ಲ ಕಾಯಲಿ. ಇವತ್ತು ಸಂಜೆ ಅವನು ಕಾಲುವೆಗೆ ಹೋಗಬಾರದು. ಅದು ಮೊದಲು. ಬೈದು ಆದರೂ ಸರಿ, ಅತ್ತು ಆದರೂ ಸರಿ.

ಎರಡನೆಯದು, ನಾನು ಡಾಕ್ಟರ್ ಅಲ್ಲ, ಆದರೆ ಇಷ್ಟು ಗೊತ್ತು: ಫಿಟ್ಸ್ ಮಾತ್ರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ನಿಲ್ಲದೆ ಬರಬಹುದು. ಜೀವಕ್ಕೇ ಅಪಾಯ. ಬಿಟ್ಟ ಮಾತ್ರೆಯನ್ನು ಮತ್ತೆ ಯಾವ ಲೆಕ್ಕದಲ್ಲಿ ಶುರು ಮಾಡಬೇಕು ಅಂತ ಅವನ ಡಾಕ್ಟರಿಗೆ ಈಗಲೇ ಫೋನ್ ಮಾಡಿ ಕೇಳಿ. ನಾಳೆ ಅಂತ ಬಿಡಬೇಡಿ.

ಕಾಲುವೆ ವಿಷಯ ಹೇಳ್ತೀನಿ. ಸಿಮೆಂಟ್ ಹಾಕಿದ ದಂಡೆ ಇಳಿಜಾರು, ಪಾಚಿ ಕಟ್ಟಿರುತ್ತದೆ. ಒಳ್ಳೆಯ ಈಜುಗಾರನಿಗೂ ಕೈ ಹಿಡಿಯಲು ಏನೂ ಸಿಗಲ್ಲ. ನೀರು ಮೇಲೆ ಶಾಂತ, ಒಳಗೆ ಸೆಳೆತ. ಅಂಥದ್ದರಲ್ಲಿ ಫಿಟ್ಸ್ ಬಂದರೆ ಹುಡುಗ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ ಮುಳುಗುತ್ತಾನೆ. ಗೆಳೆಯರು ಡೈವ್ ಹೊಡೆದ ಅಂದುಕೊಳ್ತಾರೆ.

ಈಗ ಅವನ ಆಸೆ ವಿಷಯ. ಸುಳ್ಳು ಭರವಸೆ ಕೊಡಲ್ಲ. ಸೇನೆಯ ನೇಮಕಾತಿಯಲ್ಲಿ ಫಿಟ್ಸ್ ಇದ್ದವರನ್ನು ತಗೊಳಲ್ಲ. ಎನ್‌ಸಿಸಿಗೂ ಫಿಟ್ನೆಸ್ ನೋಡ್ತಾರೆ, ಪೋಷಕರ ಸಹಿ ಇರುತ್ತದೆ. ನೀವು ಮುಚ್ಚಿಟ್ಟು ಸಹಿ ಮಾಡಬೇಡಿ. ದೋಣಿಯಲ್ಲಿ ಅವನ ಪಕ್ಕದ ಹುಟ್ಟು ಹಿಡಿದಿರುವುದೂ ಯಾರದೋ ಮಗುವೇ. ಆದರೆ ಹಡಗಿನ ಪ್ರಪಂಚ ಅಷ್ಟಕ್ಕೇ ಮುಗಿಯಲ್ಲ. ನೇವಲ್ ವಿಂಗ್‌ನಲ್ಲಿ ಶಿಪ್ ಮಾಡೆಲಿಂಗ್ ಅಂತ ದೊಡ್ಡ ಸ್ಪರ್ಧೆ ಇದೆ. ಅವನು ಮನೆಯಲ್ಲೇ ಬಾಲ್ಸಾ ಕಟ್ಟಿಗೆಯಲ್ಲಿ ಹಡಗು ಮಾಡಲು ಶುರು ಮಾಡಬಹುದು. ಹಡಗು ವಿನ್ಯಾಸ ಮಾಡುವುದೇ ಒಂದು ಇಂಜಿನಿಯರಿಂಗ್. ಕೊಚ್ಚಿಯ ವಿಶ್ವವಿದ್ಯಾಲಯ ಕುಸಾಟ್‌ನಲ್ಲಿ ಬಿಟೆಕ್ ಇದೆ, ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ವಿಶಾಖಪಟ್ಟಣ ಕ್ಯಾಂಪಸ್‌ನಲ್ಲೂ ಇದೆ. ಹಡಗು ಕಟ್ಟುವವನು ಅದರಲ್ಲಿ ಹೋಗುವವನಿಗಿಂತ ಚಿಕ್ಕವನಲ್ಲ ಅಂತ ಅವನಿಗೆ ಹೇಳಿ. ಬೇಕಾದರೆ ನಾನೇ ಮಾತಾಡ್ತೀನಿ.

ಮಾನ್ವಿ ಅಕ್ಕ: ಗಾಬರಿ ಆಗಬೇಡಿ ತಾಯಿ. ಫಿಟ್ಸ್ ಬಂದಾಗ ಕೈಯಲ್ಲಿ ಬೀಗದ ಕೈ ಹಿಡಿಸಿ, ಈರುಳ್ಳಿ ಮೂಸಿಸಿ, ನಿಮಿಷದಲ್ಲಿ ನಿಲ್ಲುತ್ತೆ. ಮಾತ್ರೆ ಎಲ್ಲಾ ಸೈಡ್ ಎಫೆಕ್ಟ್.

ಚೀಫ್: ಅಕ್ಕಾ, ದಯವಿಟ್ಟು ಇದನ್ನು ಅಳಿಸಿ. ಫಿಟ್ಸ್ ಹೆಚ್ಚಿನ ಸಲ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಅದಕ್ಕೇ ಕಬ್ಬಿಣ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಮಾಡಬೇಕಾದ್ದು: ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಲೆ ಕೆಳಗೆ ಮೆತ್ತನೆಯದು ಇಡಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ನೀರಿನಲ್ಲೇ ಬಂದಿದ್ದರೆ ಮುಖ ನೀರಿನ ಮೇಲೆ ಎತ್ತಿ ಹಿಡಿದು ದಡಕ್ಕೆ ತನ್ನಿ, ಚೇತರಿಸಿಕೊಂಡರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮಾನ್ವಿ ಅಕ್ಕ: ನಮ್ಮ ಮನೆಯಲ್ಲಿ ಮೂರು ತಲೆಮಾರು ಮಾಡಿದ್ದಾರೆ. ನಿಮಗಿಂತ ಮುಂಚೆಯೂ ಜನ ಬದುಕಿದ್ದಾರೆ ಸರ್.

ರಾಯಚೂರು ಮೇಷ್ಟ್ರು: ಬದುಕದವರು ಬಂದು ಹೇಳಲ್ಲ ಅಕ್ಕಾ.

ಮಾನ್ವಿ ಅಕ್ಕ: ನಿಮ್ಮನ್ನು ಯಾರು ಕೇಳಿದ್ರು?

ಸಿರುಗುಪ್ಪ ರೈತ: ಫಾರ್ವರ್ಡ್ ಆಗಿ ಬಂದಿದ್ದು: ನೀರಿನಲ್ಲಿ ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಮೂರು ನಾಲ್ಕು ತಾಸಿನಲ್ಲಿ ಜೀವ ಬರುತ್ತದೆ. ಎಲ್ಲರಿಗೂ ತಲುಪಿಸಿ.

ಚೀಫ್: ತಲುಪಿಸಬೇಡಿ! 2022ರಲ್ಲಿ ನಮ್ಮ ಬಳ್ಳಾರಿ ತಾಲೂಕಿನಲ್ಲೇ ಈ ಸುದ್ದಿ ನಂಬಿ ಒಂದು ಕುಟುಂಬ ನೀರಿನಲ್ಲಿ ಹೋದ ಮಗುವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟುಕೊಂಡು ಕೂತಿತ್ತು. ಆ ತಂದೆ ತಾಯಿಯ ಮೇಲೆ ನನಗೆ ಕೋಪ ಇಲ್ಲ. ಮೆಸೇಜ್ ಒತ್ತಿ ಕಳಿಸಿದವರ ಮೇಲೆ ಇದೆ. ಎತ್ತಿದ ಕೂಡಲೇ ಉಸಿರು ನೋಡಿ. ಇಲ್ಲದಿದ್ದರೆ 108ಕ್ಕೆ ಫೋನ್ ಹೋಗಲಿ, ಜೊತೆಗೇ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ, ಎದೆಯ ನಡುವೆ ಒತ್ತಿ. 30 ಸಲ ಒತ್ತಿ ಎರಡು ಉಸಿರು, ಆಂಬುಲೆನ್ಸ್ ಬರುವವರೆಗೆ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಹಿಡಿದು ತಿರುಗಿಸುವುದು ಬೇಡ. ಮೆದುಳು ಕೆಲವು ನಿಮಿಷಕ್ಕಿಂತ ಜಾಸ್ತಿ ಕಾಯಲ್ಲ, ನೀವು ಉಪ್ಪಿನ ಮೂಟೆ ಹುಡುಕ್ತೀರಿ.

ಸಿರುಗುಪ್ಪ ರೈತ: ಬಂದಿದ್ದನ್ನು ಹಾಕಿದೆ ಅಷ್ಟೇ. ಇಷ್ಟು ಬೈಯುವುದು ಬೇಕಿರಲಿಲ್ಲ.

ಚೀಫ್: ಬೇಕಿತ್ತು.

ದೇವದುರ್ಗ: ನಮ್ಮ ಭಾಗಕ್ಕೆ 371ಜೆ ಮೀಸಲಾತಿ ಇದೆಯಲ್ಲ, ನೇವಿಗೆ ನಡೆಯುತ್ತಾ?

ಚೀಫ್: ಇಲ್ಲ. ಅದು ರಾಜ್ಯದ ಕೆಲಸ, ಇಲ್ಲಿನ ಸೀಟುಗಳಿಗೆ. ನೇವಿ ಕೇಂದ್ರದ್ದು.

ಕಾರಟಗಿ: ಕನ್ನಡಕ ಇದ್ದರೆ ತಗೋತಾರಾ?

ಸಂಡೂರು: ಮಗಳು ಆಸೆ ಪಡ್ತಿದ್ದಾಳೆ. ಹೆಣ್ಣುಮಕ್ಕಳಿಗೂ ಇದೆಯಾ?

ಕೊಪ್ಪಳ ಅಜ್ಜ: ಹೆಣ್ಣುಮಕ್ಕಳಿಗೆ ನೀರಿನ ಕೆಲಸ ಯಾಕೆ? ನಾಳೆ ಮದುವೆ ಆಗಬೇಕು.

ಸಂಡೂರು: ಅಜ್ಜಾ, ನಿಮ್ಮನ್ನು ಕೇಳಿಲ್ಲ.

ಚೀಫ್: ಇದೆ. ಹೆಣ್ಣುಮಕ್ಕಳ ವಿಭಾಗಕ್ಕೆ ಹೈಸ್ಕೂಲಿನಲ್ಲಿ ಜೂನಿಯರ್ ವಿಂಗ್, ಕಾಲೇಜಿನಲ್ಲಿ ಸೀನಿಯರ್ ವಿಂಗ್ ಅಂತಾರೆ. ದೋಣಿ, ಹಾಯಿ, ಹಗ್ಗ ಎಲ್ಲ ಒಂದೇ. ಅಜ್ಜಾ, 2017ರಲ್ಲಿ ಗೋವಾದಿಂದ ಹಾಯಿದೋಣಿಯಲ್ಲಿ ಹೊರಟು ಭೂಮಿ ಸುತ್ತಿ 2018ರಲ್ಲಿ ವಾಪಸ್ ಬಂದವರು ನೇವಿಯ ಆರು ಹೆಣ್ಣುಮಕ್ಕಳು. ಐಎನ್‌ಎಸ್‌ವಿ ತಾರಿಣಿ ಅಂತ ಆ ದೋಣಿ. ಸಂಡೂರಿನವರೋ ಗೋವಾದವರೋ ಅಂತ ಸಮುದ್ರ ನೋಡಲ್ಲ.

ಕೊಪ್ಪಳ ಅಜ್ಜ: ಹೊರದೇಶ ಸುತ್ತಿದ ಕೂಡಲೇ ಆಯ್ತಾ?

ರಾಯಚೂರು ಮೇಷ್ಟ್ರು: ಅಜ್ಜಾ, ಸಾಕು ಬಿಡಿ.

ಹಡಗು ಜಾಬ್ಸ್: ಎನ್‌ಸಿಸಿ ಯಾಕೆ ಕಾಯ್ತೀರಿ? ಹತ್ತನೇ ಕ್ಲಾಸ್ ಸಾಕು, ಮರ್ಚೆಂಟ್ ನೇವಿ ಸೀಟು ಗ್ಯಾರಂಟಿ. ಅಡ್ವಾನ್ಸ್ ಕಟ್ಟಿ, ಮೆಸೇಜ್ ಮಾಡಿ.

ಚೀಫ್: ಮರ್ಚೆಂಟ್ ನೇವಿ ಸರಕು ಹಡಗಿನ ಕೆಲಸ, ನೌಕಾಪಡೆಯಲ್ಲ. ಕೋರ್ಸ್ ಡಿಜಿ ಶಿಪ್ಪಿಂಗ್, ಅಂದರೆ ಹಡಗುಗಳ ವಿಷಯ ನೋಡುವ ಕೇಂದ್ರ ಸರ್ಕಾರದ ಇಲಾಖೆಯ ಅನುಮೋದನೆ ಪಡೆದಿರಬೇಕು. ಆ ಪಟ್ಟಿ ಅವರ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಅಡ್ಮಿನ್, ಇವರನ್ನು ತೆಗೀರಿ.

ಅಡ್ಮಿನ್: ತೆಗೆದೆ.

ಯಲಬುರ್ಗಾ: ಸರ್ ಫೀಸ್?

ರಾಯಚೂರು ಮೇಷ್ಟ್ರು: ಮೇಲೆ ಓದ್ರೀ!

ಗಂಗಾವತಿ ತಾಯಿ: ಸರ್, ಡಾಕ್ಟರ್ ಜೊತೆ ಮಾತಾಡಿದೆ. ಇವತ್ತೇ ಕರ್ಕೊಂಡು ಬನ್ನಿ ಅಂದ್ರು, ಹೊರಟಿದ್ದೀವಿ. ಮಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನೀವು ಮಾತಾಡ್ತೀನಿ ಅಂದ್ರಲ್ಲ.

ಚೀಫ್: ಒಳ್ಳೆಯ ಕೆಲಸ ಮಾಡಿದ್ರಿ. ಆಸ್ಪತ್ರೆಯಿಂದ ಬಂದ ಮೇಲೆ ಅಡ್ಮಿನ್ ಹತ್ತಿರ ನನ್ನ ನಂಬರ್ ತಗೊಳ್ಳಿ, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ. ಅವನಿಗೆ ಯಾವ ಹಡಗು ಇಷ್ಟ ಅಂತ ಮಾತ್ರ ಕೇಳಿಟ್ಟುಕೊಳ್ಳಿ, ಅಲ್ಲಿಂದಲೇ ಮಾತು ಶುರು ಮಾಡ್ತೀನಿ. ಮಿಕ್ಕವರಿಗೆ ನಾಳೆ ಉತ್ತರ ಕೊಡ್ತೀನಿ. ಫೀಸ್ ಬಗ್ಗೆ ಕೇಳಿದವರಿಗೆ ಕೊಡಲ್ಲ.