ಮಾವನಿಗೆ ಸ್ವರ್ಗ ಸಿಕ್ಕಿರ್ತದಾ ಅಂತ ಅತ್ತೆ ಕೇಳ್ತಿದಾರೆ, ಏನು ಹೇಳಲಿ?

ಹೊಸನಗರದ ಸೊಸೆ:

ಜಗಳ ಹಚ್ಚೋಕೆ ಕೇಳ್ತಿಲ್ಲ, ಮೊದಲೇ ಹೇಳಿಬಿಡ್ತೀನಿ.

ನಮ್ಮ ಮಾವ ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಹದಿಮೂರನೇ ದಿನ ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಎಲೆಅಡಿಕೆ ತಟ್ಟೆ ಸುತ್ತ ಕೂತಾಗ, ಕರ್ಮ ಮಾಡಿಸಿದ ಭಟ್ಟರು ಗೀತೆಯ ಹದಿನೇಳನೇ ಅಧ್ಯಾಯದ ಕೊನೇ ಶ್ಲೋಕ ಹೇಳಿ ಅರ್ಥ ಬಿಡಿಸಿದರು. ಶ್ರದ್ಧೆ ಇಲ್ಲದೆ ಮಾಡಿದ ಹೋಮ, ದಾನ, ತಪಸ್ಸು, ಏನೇ ಇರಲಿ ಅದು ಅಸತ್. ಇಲ್ಲೂ ಫಲ ಇಲ್ಲ, ಸತ್ತ ಮೇಲೂ ಇಲ್ಲ. ಯಾರ ಹೆಸರೂ ತೆಗೀಲಿಲ್ಲ. ತೆಗೆಯೋದೇ ಬೇಕಿರಲಿಲ್ಲ, ಕೂತವರಿಗೆಲ್ಲ ಗೊತ್ತಾಯ್ತು. ಒಳಗೆ ಬಾಗಿಲ ಸಂದಿಯಲ್ಲಿದ್ದ ಅತ್ತೆಗೂ.

ಮಾವ ದೇವಸ್ಥಾನಕ್ಕೆ ಹೋಗೋರಲ್ಲ. ಜನಿವಾರ ಇತ್ತು, ಬೆನ್ನು ತುರಿಸಿಕೊಳ್ಳೋಕೆ ಅಂತ ಅವರೇ ಹೇಳ್ತಿದ್ದರು. ಊರಿನ ತೇರಿನ ದಿನ ತೋಟದಲ್ಲಿ ಪಂಪ್‌ಸೆಟ್ ಬಿಚ್ಚಿ ಹರವಿಕೊಂಡು ಕೂತಿರೋರು. ಸಂಧ್ಯಾವಂದನೆ ಮದುವೆ ಆದಮೇಲೆ ನಿಂತಿದ್ದಂತೆ. ಅದಕ್ಕೆ ತಾನೇ ಕಾರಣ ಆದೆನಾ ಅನ್ನೋದು ಅತ್ತೆಗೆ ಈಗ ಹತ್ತಿದ ಇನ್ನೊಂದು ಚಿಂತೆ.

ಆದರೆ ನಮ್ಮ ಹಳ್ಳಕ್ಕೆ ಪ್ರತಿವರ್ಷ ಮಳೆ ಹಿಡಿಯೋದರೊಳಗೆ ಸಂಕ ಹಾಕ್ತಿದ್ದದ್ದು ಅವರೇ. ಬಿದ್ದ ಅಡಿಕೆ ಮರ ನಾಲ್ಕು ಜೋಡಿಸಿ, ಅಡ್ಡಕ್ಕೆ ದಬ್ಬೆ ಇಟ್ಟು ತಂತಿಯಲ್ಲಿ ಬಿಗಿದು, ಒಂದು ಬದಿಗೆ ಹಿಡಕೊಳ್ಳೋಕೆ ಬಿದಿರಿನ ಗಳ. ಪಾಚಿ ಕಟ್ಟಿ ಜಾರಬಾರದು ಅಂತ ಮೇಲೆ ಗೋಣಿಚೀಲ ಹೊಡೆದು, ಕೊನೆಗೆ ತಾವೇ ನಡುವೆ ನಿಂತು ಎರಡು ಸಲ ಕುಪ್ಪಳಿಸಿ ನೋಡೋರು. ಗಳ ಎಷ್ಟು ಎತ್ತರ ಇರಬೇಕು ಅಂತ ಒಂದನೇ ಕ್ಲಾಸಿನ ಹುಡುಗಿಯೊಬ್ಬಳನ್ನ ನಿಲ್ಲಿಸಿ ಅಳತೆ ತಗೊಂಡಿದ್ದನ್ನ ನಾನೇ ಕಂಡಿದೀನಿ. ಹಳ್ಳದ ಆಚೆ ನಮಗೆ ತೋಟ ಇಲ್ಲ, ನೆಂಟರಿಲ್ಲ. ಅಲ್ಲಿಂದ ಶಾಲೆಗೆ ಬರೋ ಮಕ್ಕಳು, ಅಷ್ಟೇ.

ಅಡಿಕೆ ಕೊನೆ ತೆಗೆಯೋನು ಮರದಿಂದ ಬಿದ್ದು ಸೊಂಟ ಮುರಿದಾಗ ರಾತ್ರೋರಾತ್ರಿ ಹುಲಿಕಲ್ ಘಾಟಿ ಇಳಿಸಿ ಮಣಿಪಾಲಕ್ಕೆ ಕರೆದೊಯ್ದು, ಅವನ ಹೆಂಡತಿ ಬರೋ ತನಕ ಮಂಚದ ಪಕ್ಕ ಚಾಪೆ ಹಾಸಿ ಮಲಗಿದ್ದರು. ಹಾಗಂತ ಸಾಧುಸಂತ ಏನಲ್ಲ. ಸೊಪ್ಪಿನಬೆಟ್ಟದ ಬೇಲಿ ವಿಷಯಕ್ಕೆ ಒಡಹುಟ್ಟಿದ ತಮ್ಮನ ಹತ್ರ ಸಾಯೋವರೆಗೂ ಮಾತು ಬಿಟ್ಟಿದ್ದರು.

ಅತ್ತೆ ನಂಬೋರು. ಅವರಿಗೆ "ಸ್ವರ್ಗ ನರಕ ಎಲ್ಲ ಸುಳ್ಳು" ಅಂದರೆ ಕೆಲಸಕ್ಕೆ ಬರಲ್ಲ, ನಮ್ಮ ಯಜಮಾನರು ಅದನ್ನ ಹೇಳಿ ಬೈಸಿಕೊಂಡಾಗಿದೆ. ಶಾಸ್ತ್ರ ಗೊತ್ತಿರೋರು ಹೇಳಿ. ಬೇರೆ ಧರ್ಮದವರೂ ಹೇಳಿ. ನಂಬಿಕೆ ದೊಡ್ಡದಾ, ಮಾಡಿದ್ದು ದೊಡ್ಡದಾ?

ರಿಪ್ಪನ್‌ಪೇಟೆ ಮಾಣಿ:

ಸ್ವರ್ಗದ ಲಿಸ್ಟು ಭಟ್ರ ಕೈಗೆ ಯಾವಾಗ ಬಂತು ಮಾರಾಯ್ರೆ? ನಮ್ಮ ಪಂಚಾಯ್ತಿ ಮನೆ ಲಿಸ್ಟೇ ಇನ್ನೂ ಬಂದಿಲ್ಲ.

ತಮಾಷೆ ಇರಲಿ. ಭಾಗವತದ ಅಜಾಮಿಳನ ಕತೆ ಭಟ್ರಿಗೆ ನೆನಪು ಮಾಡಿ. ಮಾಡಬಾರದ್ದೆಲ್ಲ ಮಾಡಿದವನು, ಸಾಯೋ ಹೊತ್ತಿಗೆ ಮಗನನ್ನ "ನಾರಾಯಣಾ" ಅಂತ ಕರೆದ, ವಿಷ್ಣುದೂತರು ಓಡಿಬಂದು ಯಮನ ಕಡೆಯವರನ್ನ ತಡೆದರು. ಅವನು ಕರೆದದ್ದು ದೇವರನ್ನೂ ಅಲ್ಲ! ಅಂದಹಾಗೆ ನಿಮ್ಮ ಯಜಮಾನರ ಹೆಸರು ಏನು?

ಹೊಸನಗರದ ಸೊಸೆ:

ನಮ್ಮ ಯಜಮಾನರ ಹೆಸರಲ್ಲಿ ಯಾವ ದೇವರೂ ಇಲ್ಲ. ಮಾವನೇ ಹುಡುಕಿ ಇಟ್ಟಿದ್ದು. ಆ ದಾರಿ ಬಂದ್.

ಕಲ್ಲು ಓದುವವ, ಶಿಕಾರಿಪುರ:

"ಆಚಾರವೇ ಸ್ವರ್ಗ" ಎಂಬ ಬಸವಣ್ಣನವರ ಮಾತು ಎಲ್ಲರಿಗೂ ಬಾಯಿಪಾಠ, ಇನ್ನೊಬ್ಬರು ಹೇಳುತ್ತಾರೆ. ನಾನು ನಮ್ಮ ಕಡೆಯ ಕಲ್ಲುಗಳ ವಿಷಯ ಹೇಳುತ್ತೇನೆ.

ಬಳ್ಳಿಗಾವಿ ಸುತ್ತಮುತ್ತ ಓಡಾಡಿದರೆ ಕೆರೆ ಏರಿಯ ಮೇಲೆ, ಗದ್ದೆ ಬದುವಿನಲ್ಲಿ ವೀರಗಲ್ಲು ಕಾಣುತ್ತವೆ. ಸಾಮಾನ್ಯವಾಗಿ ಮೂರು ಅಂತಸ್ತು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ: ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರ ಮೇಲೆ ಒಬ್ಬ ಎರಗಿದ್ದಾನೆ. ನಡುವೆ ಅಪ್ಸರೆಯರು ಅವನನ್ನು ಎರಡು ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಕೈಲಾಸ, ಲಿಂಗದ ಮುಂದೆ ಅವನು ಕೂತಿದ್ದಾನೆ. "ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ" ಎಂದು ಎಷ್ಟೋ ಕಲ್ಲಿನ ಮೇಲಿದೆ. ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ. ಊರಿನ ದನ ಉಳಿಸಲು ಸತ್ತವನು ನಿತ್ಯ ಪೂಜೆ ಮಾಡುತ್ತಿದ್ದನೇ ಎಂದು ಯಾವ ಕಲ್ಲೂ ಕೇಳುವುದಿಲ್ಲ. ಮೇಲಿನ ಅಂತಸ್ತಿನಲ್ಲಿ ಲಿಂಗ ಇದೆ, ಪಕ್ಕದಲ್ಲಿ ಪೂಜೆ ಮಾಡುವವನೂ ಇದ್ದಾನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕರೆದೊಯ್ಯುವ ಕಾರಣ ಕೆಳಗಿನ ಅಂತಸ್ತಿನಲ್ಲಿದೆ.

ಇನ್ನು ದಾನಶಾಸನ. ಕೊನೆಯಲ್ಲಿ ಶಾಪದ ಜೊತೆಗೆ ಬರುವ ಒಂದು ಶ್ಲೋಕ ನಿಮ್ಮ ಅತ್ತೆಗೆ ಹೇಳಲೇಬೇಕು: "ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಮ್ | ದಾನಾತ್ ಸ್ವರ್ಗಮವಾಪ್ನೋತಿ ಪಾಲನಾದಚ್ಯುತಂ ಪದಮ್." ಕೊಟ್ಟವನಿಗೆ ಸ್ವರ್ಗ, ಯಾರೋ ಕೊಟ್ಟದ್ದನ್ನು ಕಾಪಾಡಿಕೊಂಡು ಬಂದವನಿಗೆ ಅದಕ್ಕಿಂತ ಮೇಲಿನ, ಜಾರದ ಪದವಿ. ಬರೆಸಿದ ರಾಜರಿಗೆ ತಮ್ಮ ಭೂಮಿ ಉಳಿದರೆ ಸಾಕಿತ್ತು ಎನ್ನಿ, ಆದರೂ ಮಾತು ಮಾತೇ.

ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಓದಿ. ಅದು ಮಂತ್ರ ಶಾಸ್ತ್ರ ಕಲಿಸುವ ಜಾಗ ಹೌದು, ಅಷ್ಟೇ ಗಟ್ಟಿಯಾಗಿ ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಹಾಕುವ ಜಾಗ, ರೋಗಿಗಳಿಗೆ ಮದ್ದು ಕೊಡುವ ಜಾಗ ಎಂದೂ ಹೇಳುತ್ತದೆ. ಮಠದವರೇ ಎರಡನ್ನೂ ಬೇರೆ ಮಾಡಿರಲಿಲ್ಲ.

ಹೊಸನಗರದ ಸೊಸೆ:

ಆ ಸಂಕ ಮೊದಲು ಹಾಕಿಸಿದ್ದು ಮಾವ ಅಲ್ಲ. ಹಿಂದೆ ಇದ್ದ ಶಾಲೆ ಮಾಷ್ಟ್ರು ಶುರು ಮಾಡಿದ್ದು, ಅವರಿಗೆ ವರ್ಗ ಆದಮೇಲೆ ಇವರು ಹಿಡಿದುಕೊಂಡರು. ಶ್ಲೋಕ ಬರೆದಿಟ್ಟುಕೊಂಡೆ.

ತುಂಗೆ ದಂಡೆ, ಶಿವಮೊಗ್ಗ:

ಅಕ್ಕಾ, ನಿಮ್ಮ ಜಗಲಿಯ ಜಗಳ ನಮ್ಮ ಮನೆಯಲ್ಲಿ ಪ್ರತಿ ಕ್ರಿಸ್ಮಸ್ಸಿಗೆ ನಡೆಯುತ್ತೆ. ನಾವು ಕಥೋಲಿಕರು, ನನ್ನ ಹೆಂಡತಿಯ ತವರು ಪ್ರೊಟೆಸ್ಟೆಂಟ್. ಕೇಕ್ ಕತ್ತರಿಸೋವರೆಗೆ ಎಲ್ಲರೂ ಚೆನ್ನಾಗಿರ್ತಾರೆ. ಆಮೇಲೆ ಭಾವ ಬೈಬಲ್ ತೆಗೀತಾನೆ.

ಅವನ ಆಧಾರ ಪೌಲ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ. ರಕ್ಷಣೆ ಸಿಗೋದು ದೇವರ ಕೃಪೆಯಿಂದ, ನಂಬಿಕೆಯ ಮೂಲಕ. ನಿಮ್ಮ ಕೆಲಸದಿಂದ ಅಲ್ಲ, ಯಾರೂ ಜಂಬ ಪಡಬಾರದು ಅಂತ. ನನ್ನ ಅಪ್ಪ ಬಿಡ್ತಿರಲಿಲ್ಲ, ಯಾಕೋಬನ ಪತ್ರ ತೆಗೆಯೋರು: ಉಸಿರಿಲ್ಲದ ದೇಹ ಹೇಗೆ ಸತ್ತದ್ದೋ ಕೆಲಸವಿಲ್ಲದ ನಂಬಿಕೆಯೂ ಹಾಗೇ ಸತ್ತದ್ದು. ಎರಡೂ ಒಂದೇ ಪುಸ್ತಕದಲ್ಲಿದೆ ನೋಡಿ. ಪ್ರೊಟೆಸ್ಟೆಂಟ್ ದಾರಿ ಶುರು ಮಾಡಿದ ಲೂಥರ್‌ಗೆ ಈ ಯಾಕೋಬನ ಪತ್ರ ಎಷ್ಟು ಇರಿಸುಮುರಿಸು ಅಂದರೆ 1522ರಲ್ಲಿ ಅದನ್ನ ಹುಲ್ಲಿನ ಪತ್ರ, ಅಂದರೆ ತಿರುಳಿಲ್ಲದ್ದು, ಅಂತಲೇ ಕರೆದ.

1517ರಲ್ಲಿ ಲೂಥರ್‌ಗೂ ಕಥೋಲಿಕ ಸಭೆಗೂ ಹೊತ್ತಿಕೊಂಡ ಜಗಳದ ಹೊಟ್ಟೆಯಲ್ಲಿದ್ದದ್ದು ಇದೇ ಪ್ರಶ್ನೆ. 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಟ್ಟಿಗೆ ಒಂದು ಹೇಳಿಕೆಗೆ ಸಹಿ ಹಾಕಿದರು. ದೇವರು ನಮ್ಮನ್ನ ಒಪ್ಪಿಕೊಳ್ಳೋದು ಕೃಪೆಯಿಂದ, ನಮ್ಮ ಯೋಗ್ಯತೆಗಲ್ಲ. ಹಾಗೆ ಒಪ್ಪಿಕೊಂಡವರಿಂದ ಒಳ್ಳೇ ಕೆಲಸ ಹೊರಟೇ ಹೊರಡುತ್ತೆ, ಅನ್ನೋದು ಅದರ ಸಾರ. ಮೆಥಡಿಸ್ಟರು 2006ರಲ್ಲಿ ಸೇರಿದರು. ನನ್ನ ಭಾವ ಇನ್ನೂ ಸೇರಿಲ್ಲ.

ನಿಮ್ಮ ಅತ್ತೆಗೆ ನಾನಾದರೆ ಮತ್ತಾಯ 25 ಓದಿ ಹೇಳ್ತಿದ್ದೆ. ಕೊನೇ ತೀರ್ಪಿನ ದಿನ ಅರಸ ಹೇಳ್ತಾನೆ, ನಾನು ಹಸಿದಿದ್ದೆ ಊಟ ಕೊಟ್ಟಿರಿ, ಕಾಯಿಲೆ ಬಿದ್ದಿದ್ದೆ ನೋಡೋಕೆ ಬಂದಿರಿ. ಆ ನೀತಿವಂತರು ತಬ್ಬಿಬ್ಬಾಗಿ ಕೇಳ್ತಾರೆ, ಸ್ವಾಮೀ, ಯಾವಾಗ? ತಾವು ಮಾಡಿದ್ದು ಅವನಿಗೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಮಣಿಪಾಲದ ಚಾಪೆ ಓದಿದಾಗ ನನಗೆ ಅದೇ ನೆನಪಾಯ್ತು.

ಮಂಡಿ ಸಾಬಿ, ಸಾಗರ:

ನಮ್ಮಲ್ಲಿ ಈಮಾನ್, ಅಂದರೆ ನಂಬಿಕೆ, ಮೊದಲು, ಸುಳ್ಳು ಹೇಳಿ ನಿಮ್ಮನ್ನ ಸಮಾಧಾನ ಮಾಡಲ್ಲ. ಆದರೆ ಕುರ್‌ಆನ್‌ನಲ್ಲಿ ನಂಬಿದವರು ಅಂದ ಕೂಡಲೇ ಒಳ್ಳೇ ಕೆಲಸ ಮಾಡಿದವರು ಅಂತ ಜೊತೆಗೇ ಮತ್ತೆಮತ್ತೆ ಬರ್ತದೆ. ಎರಡು ಹದೀಸ್, ಅಂದರೆ ಪ್ರವಾದಿಗಳ ಮಾತು, ಹೇಳ್ತೀನಿ. ಒಂದು, ಯಾರೂ ಬರೀ ತನ್ನ ಅಮಲಿನ, ಅಂದರೆ ಮಾಡಿದ ಕೆಲಸದ, ಬಲದಿಂದ ಜನ್ನತ್‌ಗೆ ಹೋಗಲ್ಲ ಅಂದರು ಪ್ರವಾದಿಗಳು. ತಾವೂನಾ ಅಂತ ಕೇಳಿದ್ದಕ್ಕೆ, ನಾನೂ ಅಷ್ಟೇ, ಅಲ್ಲಾಹನ ಕರುಣೆ ಆಗದ ಹೊರತು, ಅಂದರು. ಇನ್ನೊಂದು, ಕೆಟ್ಟ ಹೆಸರಿನ ಹೆಂಗಸೊಬ್ಬಳು ಬಾಯಾರಿದ ನಾಯಿಗೆ ತನ್ನ ಪಾದರಕ್ಷೆಯಲ್ಲಿ ಬಾವಿ ನೀರು ಸೇದಿ ಕುಡಿಸಿದಳು, ಅಷ್ಟಕ್ಕೇ ಅವಳನ್ನ ಕ್ಷಮಿಸಲಾಯ್ತು.

ಇನ್ನೊಬ್ಬರ ಲೆಕ್ಕ ಮಾಡೋ ಕೆಲಸ ನಮಗೆ ಕೊಟ್ಟಿಲ್ಲ ಅಮ್ಮ. ಅಡಿಕೆ ತೂಕದಲ್ಲೇ ಜಗಳ ಆಗ್ತದೆ.

ಹುಂಚದ ದಾರಿ:

ನಿಮ್ಮ ತಾಲ್ಲೂಕಿನವನೇ, ಜೈನ. ನಮ್ಮ ಲೆಕ್ಕದಲ್ಲಿ ಪುಣ್ಯ ಮಾಡಿದವನು ಸ್ವರ್ಗಕ್ಕೆ ಹೋಗ್ತಾನೆ, ಅದಕ್ಕೆ ಯಾರ ಕೃಪೆಯೂ ಬೇಡ. ಮೋಕ್ಷ ಬೇರೆ. ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ, ಅಂದರೆ ಸರಿಯಾದ ನಂಬಿಕೆ, ಅರಿವು, ನಡತೆ, ಮೂರೂ ಕೂಡಬೇಕು. ಪುಣ್ಯವೂ ಕರ್ಮವೇ, ಅದೂ ಕಳಚಬೇಕು. ಸ್ವರ್ಗದ ದೇವತೆಯೂ ಮೋಕ್ಷ ಬೇಕಾದರೆ ಮನುಷ್ಯನಾಗಿ ಹುಟ್ಟಿ ಬರಬೇಕು.

ಆಗುಂಬೆ ಮಳೆ:

ತಂಗೀ, ಭಟ್ಟರು ಹೇಳಿದ ಶ್ಲೋಕ ಸರಿಯಾಗಿದೆ. ಹೇಳಿದ ಹೊತ್ತು ಮತ್ತು ಜಾಗ ಸರಿಯಿಲ್ಲ.

ಅದೇ ಅಧ್ಯಾಯದ ಮೂರನೇ ಶ್ಲೋಕದಲ್ಲಿ ಮನುಷ್ಯ ಶ್ರದ್ಧೆಯಿಂದಲೇ ಆದವನು, ಯಾರ ಶ್ರದ್ಧೆ ಎಂಥದೋ ಅವನು ಅದೇ, ಎಂದಿದೆ. ಹುಡುಗಿಯನ್ನು ನಿಲ್ಲಿಸಿ ಗಳದ ಎತ್ತರ ನೋಡಿದವರಿಗೆ ಯಾವುದರಲ್ಲೂ ಶ್ರದ್ಧೆ ಇರಲಿಲ್ಲ ಎನ್ನುವುದಾದರೆ ನಾನು ಒಪ್ಪುವುದಿಲ್ಲ. ಭಟ್ಟರು ಹೇಳಿದ ಆ ಕೊನೆಯ, ಇಪ್ಪತ್ತೆಂಟನೆಯ ಶ್ಲೋಕ ಹೋಮ, ದಾನ, ತಪಸ್ಸಿನಲ್ಲಿ ಮನಸ್ಸಿಲ್ಲದೆ ಕೈ ಮಾತ್ರ ಆಡಿಸುವವರ ಬಗ್ಗೆ. ಅದು ಮೊದಲು ತಟ್ಟಬೇಕಾದದ್ದು ಮಂತ್ರ ಹೇಳುತ್ತ ದಕ್ಷಿಣೆ ಎಣಿಸುವ ನಮ್ಮಂಥವರಿಗೆ. ನಾನೂ ಪೌರೋಹಿತ್ಯದ ಮನೆಯವನೇ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಆರನೇ ಅಧ್ಯಾಯದ ನಲವತ್ತನೇ ಶ್ಲೋಕ ಅತ್ತೆಗೆ ಓದಿ ಹೇಳಿ: "ನ ಹಿ ಕಲ್ಯಾಣಕೃತ್ ಕಶ್ಚಿದ್ ದುರ್ಗತಿಂ ತಾತ ಗಚ್ಛತಿ." ಒಳ್ಳೆಯದನ್ನು ಮಾಡಿದ ಯಾರೊಬ್ಬನೂ ದುರ್ಗತಿಗೆ ಹೋಗುವುದಿಲ್ಲ. ನಿಮ್ಮ ಭಟ್ಟರು ಚುರುಕಾದವರಾದರೆ ಒಂದು ಕೊಕ್ಕೆ ಹಾಕುತ್ತಾರೆ: ಅರ್ಜುನ ಅಲ್ಲಿ ಕೇಳಿದ್ದು ಶ್ರದ್ಧೆಯಿದ್ದೂ ಪ್ರಯತ್ನ ಸಾಲದೆ ಯೋಗದಿಂದ ಜಾರಿದವನ ಬಗ್ಗೆ, ಶ್ರದ್ಧೆಯೇ ಇಲ್ಲದವನ ಬಗ್ಗೆ ಅಲ್ಲ. ಕೊಕ್ಕೆ ನ್ಯಾಯವಾದದ್ದೇ. ಆದರೆ ಕೃಷ್ಣ ಉತ್ತರ ಕೊಡುವಾಗ ಆ ಒಬ್ಬನಿಗೆ ಎನ್ನಲಿಲ್ಲ, "ಕಶ್ಚಿತ್" ಎಂದು ಬಾಗಿಲು ಅಗಲ ಮಾಡಿದ.

ಮತ್ತೊಂದು. ನೀವೆಲ್ಲ ಸ್ವರ್ಗವನ್ನೇ ಕೊನೆಯ ನಿಲ್ದಾಣ ಮಾಡಿಕೊಂಡಿದ್ದೀರಿ. ನಮ್ಮಲ್ಲಿ ಅದು ಹಾಗಲ್ಲ. ಒಂಬತ್ತನೇ ಅಧ್ಯಾಯದಲ್ಲಿದೆ, "ಕ್ಷೀಣೇ ಪುಣ್ಯೇ ಮರ್ತ್ಯಲೋಕಂ ವಿಶಂತಿ": ಪುಣ್ಯ ಮುಗಿದ ಮೇಲೆ ವಾಪಸು ಭೂಮಿಗೆ. ಶಂಕರರ ಪ್ರಕಾರ ಕರ್ಮ ಚಿತ್ತಶುದ್ಧಿಗೆ, ಮೋಕ್ಷ ಜ್ಞಾನದಿಂದ ಮಾತ್ರ. ಮಧ್ವರಲ್ಲಿ ಭಕ್ತಿ ಮತ್ತು ಹರಿಯ ಪ್ರಸಾದ. ನಿತ್ಯ ಮೂರು ಹೊತ್ತು ಸಂಧ್ಯಾವಂದನೆ ಮಾಡಿದ ನನಗೂ ಮೋಕ್ಷದ ಖಾತ್ರಿ ಇಲ್ಲ ತಂಗೀ. ಸಂಧ್ಯಾವಂದನೆ ನಿಂತದ್ದಕ್ಕೆ ಅತ್ತೆಯವರು ತಮ್ಮನ್ನು ಹಳಿದುಕೊಳ್ಳುವುದು ಬೇಡ, ಅದು ಅವರ ಯಜಮಾನರ ಕರ್ತವ್ಯ, ಬಿಟ್ಟದ್ದೂ ಅವರೇ.

ಹೊಸನಗರದ ಸೊಸೆ:

ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ರಾತ್ರಿ ಕರೆಂಟ್ ಇರಲಿಲ್ಲ, ಒಲೆ ಮುಂದೆ ಕೂತು ಮೊಬೈಲಿನಲ್ಲಿ ಒಂದೊಂದೇ ಓದಿ ಹೇಳಿದೆ. ಹಂಡೆಗೆ ಬೆಂಕಿ ಮಾಡ್ತಾ ಕೇಳಿದರು.

ಅಪ್ಸರೆಯರ ವಿಷಯಕ್ಕೆ ಮುಖ ಗಂಟು ಹಾಕಿದರು, ಅದನ್ನ ಬಿಟ್ಟುಬಿಡು ಅಂದರು. ದಾನ ಪಾಲನೆಯ ಶ್ಲೋಕ ಇನ್ನೊಂದ್ಸಲ ಹೇಳಿಸಿಕೊಂಡರು. "ಕ್ಷೀಣೇ ಪುಣ್ಯೇ" ಬಂದಾಗ, ಹಂಗಾರೆ ತಿರುಗಿ ಬರ್ತಾರಾ ಅಂತ ಕೇಳಿದರು. ಹೌದಂತೆ ಅಂದೆ. "ಬರೋದಾದ್ರೆ ಕೊನೆಕೊಯ್ಲಿಗೆ ಬರಲಿ, ಆಳು ಒಬ್ಬರೂ ಸಿಗ್ತಿಲ್ಲ" ಅಂದರು. ಅವರು ಹೋದಮೇಲೆ ಅತ್ತೆ ನಕ್ಕಿದ್ದು ಅದೇ ಮೊದಲು.

ಭಟ್ಟರನ್ನ ಮುಂದಿನ ಮಾಸಿಕಕ್ಕೆ ಕರೆಯೋದೋ ಬೇಡವೋ ಅಂತ ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ. ನಾನು ಬೇಡ ಅಂದೆ. ಅತ್ತೆ ಕರೀಬೇಕು, ಆರನೇ ಅಧ್ಯಾಯ ಕೇಳಬೇಕು ಅಂತ ಕೂತಿದಾರೆ.

ತುಂಗೆ ದಂಡೆಯವರಿಗೆ ಅತ್ತೆಯದೊಂದು ಪ್ರಶ್ನೆ: ನಿಮ್ಮಲ್ಲಿ ಸತ್ತವರಿಗೆ ತಿಥಿ ಅಂತ ಏನಾದರೂ ಮಾಡ್ತೀರಾ, ಅಥವಾ ಅವರವರು ಮಾಡಿದ್ದು ಅವರವರಿಗೆ ಅಂತ ಬಿಟ್ಟುಬಿಡ್ತೀರಾ?

ತುಂಗೆ ದಂಡೆ, ಶಿವಮೊಗ್ಗ:

ಬಿಡಲ್ಲ ಅಂತ ಹೇಳಿ. ನವೆಂಬರ್ 2 ಸತ್ತವರ ದಿನ. ಅದಕ್ಕೆ ಮುಂಚೆಯೇ ಹೋಗಿ ಸಮಾಧಿ ಮೇಲಿನ ಹುಲ್ಲು ಕಿತ್ತು ಸುಣ್ಣ ಬಳೀತೀವಿ, ಅವತ್ತು ಹೂವು ಇಟ್ಟು ಮೊಂಬತ್ತಿ ಹಚ್ಚಿದ ಮೇಲೆ ಫಾದರ್ ಬಂದು ಪವಿತ್ರ ನೀರು ಚಿಮುಕಿಸ್ತಾರೆ. ಸತ್ತವರಿಗೆ ಏನಾದರೂ ಕೊರೆ ಉಳಿದಿದ್ದರೆ ಬದುಕಿದ್ದವರ ಪ್ರಾರ್ಥನೆಯಿಂದ ನೀಗ್ತದೆ ಅಂತ ನಮ್ಮ ಸಭೆಯ ನಂಬಿಕೆ. ಭಾವನ ಕಡೆಯವರು ಇದನ್ನೂ ಒಪ್ಪಲ್ಲ. ಆದರೂ ನಮ್ಮ ಅಪ್ಪನ ಸಮಾಧಿಗೆ ಹೋದ ವರ್ಷ ಸುಣ್ಣದ ಡಬ್ಬ ಹೊತ್ತುಕೊಂಡು ಬಂದವನು ಅವನೇ.